ಬೇಗ ತೆರೆಯುವ ಗೇಟು: ವಸತಿ ಸಮುಚ್ಚಯಗಳಿಗೆ ಹದಿಮೂರು ಸೂತ್ರಗಳು

ಅಪ್ಪ ಉಡಿಗಾಲದಿಂದ ಬೆಳಗಿನ ಬಸ್ಸಿಗೆ ಹೊರಟು, ಚಾಮರಾಜನಗರದಲ್ಲಿ ರೈಲು ಹತ್ತಿ, ಮೈಸೂರಿನ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಂದು ನಿಂತಾಗ ಹೆಗಲ ಮೇಲೆ ಒಂದು ಚೀಲ ಸಣ್ಣೀರುಳ್ಳಿ, ಕೈಯಲ್ಲಿ ಎರಡು ಚಿಪ್ಪು ಬಾಳೆಹಣ್ಣು. ಗೇಟಿಗೆ ಹೊಸ ವ್ಯವಸ್ಥೆ ಬಂದು ಹದಿನೈದು ದಿನವಾಗಿತ್ತು. ಯಾರೇ ಬಂದರೂ ಮನೆಯವರ ಫೋನಿಗೆ ಸಂದೇಶ ಹೋಗುತ್ತದೆ, ಅವರು ಒಪ್ಪಿಗೆ ಒತ್ತಿದರೆ ಮಾತ್ರ ಒಳಗೆ. ನಾನು ಕಚೇರಿಯ ಮೀಟಿಂಗಿನಲ್ಲಿದ್ದೆ, ಫೋನು ಸೈಲೆಂಟಿನಲ್ಲಿತ್ತು. "ನಮ್ಮ ಮಗನ ಮನ ಕನಪ್ಪಾ, ಬುಡು" ಎಂದು ಅಪ್ಪ ಮೂರು ಸಲ ಹೇಳಿದ್ದಾರೆ. ಕಾವಲಿಗಿದ್ದ ಹುಡುಗ ಅಸ್ಸಾಮಿನವನು, ಅವನಿಗೆ ಆ ಮಾತು ತಿಳಿಯಲಿಲ್ಲ. ತಿಳಿದಿದ್ದರೂ ಅವನ ಕೈಯಲ್ಲಿ ಏನೂ ಇರಲಿಲ್ಲ. ಎಪ್ಪತ್ತೆರಡು ವರ್ಷದ ಅಪ್ಪ ನಲವತ್ತು ನಿಮಿಷ ಬಿಸಿಲಲ್ಲಿ ನಿಂತರು. ಅದೇ ಹೊತ್ತಿನಲ್ಲಿ ಹಿಂದಿನ ಕಸದ ಗೇಟು ತೆರೆದೇ ಇತ್ತು. ಯಾರು ಬೇಕಾದರೂ ಬರಬಹುದಿತ್ತು.

ಬರಬೇಕಾದವರನ್ನು ನಿಲ್ಲಿಸಿ, ಬರಬಾರದವರಿಗೆ ದಾರಿ ಬಿಟ್ಟಿದ್ದ ಆ ಗೇಟಿಗೆ ನಾವು ಲಕ್ಷಗಟ್ಟಲೆ ಸುರಿದಿದ್ದೆವು. ಆ ವಾರವೇ ಸಂಘದ ಗೇಟು ಸಮಿತಿಗೆ ಸೇರಿದೆ. ಎರಡು ವರ್ಷ ಅದನ್ನು ಬಿಚ್ಚಿ ಕಟ್ಟಿ ಕಲಿತದ್ದು ಇದು.

1. ಕೊಟೇಶನ್ ತರಿಸುವ ಮೊದಲು ಒಂದು ವಾರ ಎಣಿಸಿ.

ಬೆಳಿಗ್ಗೆ 7ರಿಂದ 10, ಸಂಜೆ 5ರಿಂದ 9. ಒಂದು ನೋಟ್‌ಬುಕ್, ಒಂದು ಗಡಿಯಾರ, ಗೇಟಿನ ಪಕ್ಕ ಒಂದು ಕುರ್ಚಿ. ಎಷ್ಟು ಕಾರು, ಎಷ್ಟು ಬೈಕು, ಮನೆಕೆಲಸದವರು ಎಷ್ಟು ಮಂದಿ, ಡೆಲಿವರಿಯವರು ಎಷ್ಟು, ಒಬ್ಬೊಬ್ಬರಿಗೆ ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆಯಿರಿ. ಲೆಕ್ಕ ಸರಳ. ಗಂಟೆಗೆ 3,600 ಸೆಕೆಂಡು. ಆ ಒಂದು ಗಂಟೆಯಲ್ಲಿ 120 ಕಾರು ಹೊರಗೆ ಹೋಗಬೇಕಾದರೆ ಒಂದು ಕಾರಿಗೆ ಸಿಗುವುದು 30 ಸೆಕೆಂಡು. ನಿಮ್ಮ ಗೇಟಿನ ಅಡ್ಡಕಂಬ ಮೇಲೆದ್ದು ಇಳಿಯಲು, ಕಾವಲುಗಾರ ನೋಡಿ ಒತ್ತಲು 35 ಸೆಕೆಂಡು ಬೇಕಾದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ. ಸಾಲಿನಲ್ಲಿ ಒಂದು ಕಾರಿಗೆ ಸುಮಾರು 6 ಮೀಟರ್ ಜಾಗ ಹಿಡಿಯಿರಿ. ಒಳಗೆ ಬರುವ ಐದು ಕಾರು ನಿಂತರೆ 30 ಮೀಟರ್, ಅಂದರೆ ಊರಿನ ರಸ್ತೆಯನ್ನೇ ನೀವು ಕಟ್ಟಿದಂತೆ. ನಮ್ಮ ಕಂಬವನ್ನು ರಸ್ತೆಯ ಅಂಚಿನಿಂದ ಎರಡು ಕಾರಿನುದ್ದ ಒಳಕ್ಕೆ ಸರಿಸಿದೆವು. ಹೊಸ ಯಂತ್ರವೊಂದೂ ಇಲ್ಲದೆ ಸಂಜೆಯ ಅರ್ಧ ಜಗಳ ಅಲ್ಲಿಗೇ ನಿಂತಿತು.

2. ಕಿಂಡಿ ಹುಡುಕಿ.

ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಹೈದರಾಲಿಯ ಸೈನಿಕರು ನುಸುಳಿದ್ದು ಹೆಬ್ಬಾಗಿಲಿನಿಂದಲ್ಲ, ಒಬ್ಬೊಬ್ಬರೇ ತೂರಬಹುದಾದ ಕಿಂಡಿಯಿಂದ. ನಿಮ್ಮ ಕಾಂಪೌಂಡಿಗೂ ಅಂಥದ್ದೊಂದು ಇದ್ದೇ ಇರುತ್ತದೆ: ಕಸದ ಗೇಟು, ನೀರಿನ ಟ್ಯಾಂಕರ್ ಬರುವ ದಾರಿ, ಟ್ರಾನ್ಸ್‌ಫಾರ್ಮರ್ ಪಕ್ಕದ ಮೋಟುಗೋಡೆ, ಮಳೆನೀರಿನ ಮೋರಿ. ರಾತ್ರಿ 11ಕ್ಕೆ ಟಾರ್ಚು ಹಿಡಿದು ಗೋಡೆಯ ಸುತ್ತ ಪೂರ್ತಿ ಒಂದು ಸುತ್ತು ಬನ್ನಿ. ಮುಂದಿನ ಗೇಟಿಗೆ ಹಣ ಹಾಕುವುದು ಆಮೇಲೆ. ನಮ್ಮ ಕಡೆ ಕಾಡಂಚಿನಲ್ಲಿ ಹೊಲ ಮಾಡುವವರಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ. ಸೋಲಾರ್ ತಂತಿ ಎಷ್ಟು ಉದ್ದ ಎಳೆದಿದ್ದರೂ ಆನೆ ಬರುವುದು ತಂತಿ ಜೋತುಬಿದ್ದ ಆ ನಾಲ್ಕು ಮಾರಿನಲ್ಲೇ.

3. ನಿಯಮ ಬರೆಯುವಾಗ ವಿನಾಯಿತಿಯನ್ನು ಮೊದಲು ಬರೆಯಿರಿ.

ಗುಂಡ್ಲುಪೇಟೆಯಿಂದ ಕೇರಳದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ, ಬಂಡೀಪುರ ಕಾಡಿನ ನಡುವೆ, 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಪರ ವಿರೋಧ ಎಷ್ಟೇ ನಡೆದಿದ್ದರೂ ಆ ಗೇಟಿನ ನಿಯಮ ಒಂದು ಸಾಲಿನಲ್ಲಿ ಹೇಳುವಂಥದ್ದು: ಇಷ್ಟು ಗಂಟೆಯಿಂದ ಇಷ್ಟು ಗಂಟೆ ಇಲ್ಲ, ಆಂಬುಲೆನ್ಸಿಗೆ ಮತ್ತು ಗೊತ್ತುಮಾಡಿದ ಕೆಲವೇ ಬಸ್ಸುಗಳಿಗೆ ಮಾತ್ರ ಉಂಟು. ಮದ್ದೂರು ಚೆಕ್‌ಪೋಸ್ಟಿನಲ್ಲಿ ನಿಂತವರು ಯಾರ ಮುಖವನ್ನೂ ನೋಡಿ ತೀರ್ಮಾನ ಮಾಡಬೇಕಾಗಿಲ್ಲ. ನಿಮ್ಮ ನಿಯಮವೂ ಅಷ್ಟು ಚಿಕ್ಕದಾಗಿರಲಿ. ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಪೊಲೀಸ್, ಹೆರಿಗೆ ನೋವಿನವರನ್ನು ಕರೆದೊಯ್ಯುವ ಆಟೋ, ಡಾಕ್ಟರು: ಇವರಿಗೆ ಗೇಟು ಮೊದಲು ತೆರೆಯುತ್ತದೆ, ಹೆಸರು ಬರೆಯುವುದು ಆಮೇಲೆ. ಇದನ್ನು ಕಾಗದದಲ್ಲಿ ಬರೆದು, ಸಂಘದ ಸೀಲು ಹಾಕಿ, ಕ್ಯಾಬಿನ್ನಿನ ಒಳಗೆ ಅಂಟಿಸಿ. ಬರೆದಿದ್ದರೆ ಕಾವಲುಗಾರ ಧೈರ್ಯವಾಗಿ ತೆರೆಯುತ್ತಾನೆ. ಬರೆದಿಲ್ಲದಿದ್ದರೆ ಕೆಲಸ ಹೋದೀತೆಂಬ ಭಯಕ್ಕೆ ಫೋನು ಹಿಡಿದು ಯಾರನ್ನಾದರೂ ಕೇಳುತ್ತ ನಿಲ್ಲುತ್ತಾನೆ.

4. ದಿಡ್ಡಿ ಬಾಗಿಲು ಇಡಿ.

ಹಳೆಯ ಕೋಟೆಗಳ ಹೆಬ್ಬಾಗಿಲಿಗೆ ಮೈಬಗ್ಗಿಸಿ ಒಬ್ಬರೇ ದಾಟುವ ದಿಡ್ಡಿ ಬಾಗಿಲೊಂದು ಇರುತ್ತಿತ್ತು. ದೊಡ್ಡ ಬಾಗಿಲು ಮುಚ್ಚಿದ್ದರೂ ಜನ ಓಡಾಡುತ್ತಿದ್ದರು. ಇಂದಿನ ಸಮುಚ್ಚಯಗಳಲ್ಲಿ ನಡೆದು ಬರುವವರು ಕಾರಿನ ಕಂಬದ ಕೆಳಗೆ ತಲೆ ತಗ್ಗಿಸಿ ನುಸುಳುತ್ತಾರೆ. ಅಪಘಾತವಾಗುವುದೇ ಅಲ್ಲಿ. ಕಾಲ್ನಡಿಗೆಗೆ ಬೇರೆ ಬಾಗಿಲು ಬೇಕು. ಅದು ಗಾಲಿಕುರ್ಚಿ ಹೋಗುವಷ್ಟು ಅಗಲವಿರಲಿ, ಹೊಸ್ತಿಲು ಬೇಡ. ಮನೆಕೆಲಸದವರಿಗೊಂದು, ಮನೆಯವರಿಗೊಂದು ಎಂದು ಎರಡು ಮಾಡಬೇಡಿ. ಒಂದೇ ಬಾಗಿಲು ಎಲ್ಲರಿಗೂ ಸಾಕು.

5. ಗುರುತಿಗೆ ಯಾವುದು? ಟ್ಯಾಗು, ಕ್ಯಾಮೆರಾ, ಬೆರಳು, ಮುಖ.

ಹೆಚ್ಚು ಹಣ ಪೋಲಾಗುವುದು ಈ ಆಯ್ಕೆಯಲ್ಲಿ. ಸ್ವಲ್ಪ ನಿಂತು ನೋಡೋಣ.

ಕಾರುಗಳಿಗೆ ಆರ್‌ಎಫ್‌ಐಡಿ ಟ್ಯಾಗು ಸಾಕು. ಗಾಜಿಗೆ ಅಂಟಿಸುವ ಆ ಚೀಟಿಗೆ ಬ್ಯಾಟರಿ ಇಲ್ಲ. ಗೇಟಿನ ರೀಡರ್ ಬಿಡುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರು ಹೇಳುತ್ತದೆ. 2021ರ ಫೆಬ್ರವರಿಯಿಂದ ಟೋಲ್‌ಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಕೂಡ ಇದೇ ಜಾತಿಯದು. ಹಾಗಾಗಿ ಹಲವು ಸಂಘಗಳು ಬೇರೆ ಚೀಟಿ ಕೊಡದೆ ಫಾಸ್ಟ್ಯಾಗಿನ ನಂಬರನ್ನೇ ಗೇಟಿಗೆ ಹೇಳಿಕೊಟ್ಟಿವೆ. ಗೇಟಿನಲ್ಲಿ ಓದಿದ ಮಾತ್ರಕ್ಕೆ ಹಣ ಕಡಿತವಾಗುವುದಿಲ್ಲ. ಇದನ್ನು ಸಭೆಯಲ್ಲಿ ಮೊದಲೇ ಹೇಳಿ, ಇಲ್ಲದಿದ್ದರೆ ಹಿರಿಯರು ಟ್ಯಾಗು ಕಿತ್ತು ಡ್ಯಾಶ್‌ಬೋರ್ಡಿನಲ್ಲಿ ಬಚ್ಚಿಡುತ್ತಾರೆ. ಕೆಲವು ಕಾರುಗಳ ಶಾಖ ತಡೆಯುವ ಗಾಜಿನಲ್ಲಿ ಲೋಹದ ತೆಳು ಲೇಪವಿರುತ್ತದೆ, ಅದರ ಹಿಂದಿನ ಟ್ಯಾಗು ಓದಿಸಿಕೊಳ್ಳುವುದಿಲ್ಲ. ಅಂಥವಕ್ಕೆ ಹೆಡ್‌ಲೈಟಿನ ಟ್ಯಾಗು ಕೇಳಿ. ರೀಡರಿನ ಶಕ್ತಿಯನ್ನು ತಗ್ಗಿಸಿ ಹೊಂದಿಸುವುದೂ ಮುಖ್ಯ. ನಮ್ಮಲ್ಲಿ ಮೊದಲ ವಾರ, ಗೇಟಿನ ಪಕ್ಕ ನಿಲ್ಲಿಸಿದ್ದ ಕಾರಿನ ಟ್ಯಾಗನ್ನು ಓದಿಕೊಂಡು ಕಂಬ ತಾನಾಗಿಯೇ ಏಳುತ್ತಿತ್ತು.

ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಕೇಳಲು ಚೆನ್ನ. ಕೆಸರು ಮೆತ್ತಿದ, ಅಕ್ಷರ ಸೊಟ್ಟಗೆ ಬರೆಸಿದ, ಕನ್ನಡ ಅಂಕಿಯ ಪ್ಲೇಟು ಬಂದರೆ ಅದು ತಡವರಿಸುತ್ತದೆ. ಊರಿನಿಂದ ಬರುವ ಕೆಎ 10ರ ಗಾಡಿಗಳಲ್ಲಿ ಇವು ಮೂರನ್ನೂ ನೋಡಿದ್ದೇನೆ. ದಾಖಲೆಗೆ ಇರಲಿ, ಗೇಟು ತೆರೆಯುವ ಅಧಿಕಾರ ಅದಕ್ಕೆ ಬೇಡ.

ಬೆರಳಚ್ಚು ಬೇಡವೇ ಬೇಡ. ನಮ್ಮೂರ ಕಡೆ ಅರಿಸಿನ ಕೀಳುವ, ಈರುಳ್ಳಿ ಕುಯ್ಯುವ ಹೆಂಗಸರ ಬೆರಳ ಗೆರೆ ಸವೆದು ರೇಷನ್ ಅಂಗಡಿಯ ಯಂತ್ರ ಒಪ್ಪದೆ ಮತ್ತೆ ಮತ್ತೆ ಒತ್ತುವುದನ್ನು ಕಂಡು ಬೆಳೆದವನು ನಾನು. ಮೈಸೂರಿಗೆ ಬಂದರೆ ಅದೇ ದೃಶ್ಯ. ನಾಲ್ಕು ಮನೆಯ ಪಾತ್ರೆ ತೊಳೆಯುವ ಅಕ್ಕ ಒಬ್ಬರು ಬೆಳಿಗ್ಗೆ ಆರೂಮುಕ್ಕಾಲಿಗೆ ನಮ್ಮ ಯಂತ್ರದ ಮುಂದೆ ನಿಂತು ಹೆಬ್ಬೆರಳನ್ನು ಸೆರಗಿಗೆ ಒರೆಸಿ ಒತ್ತಿದರು, ಕೆಂಪು ದೀಪ. ತೋರುಬೆರಳು, ಕೆಂಪು ದೀಪ. ಎಡಗೈ, ಮತ್ತೆ ಕೆಂಪು ದೀಪ. ಹಿಂದೆ ಆರು ಜನ ನಿಂತಿದ್ದರು. ತಪ್ಪು ಮಾಡಿದವರಂತೆ ಅವರು ಎಲ್ಲರ ಮುಖ ನೋಡಿದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಮಾರನೆಯ ತಿಂಗಳು ಆ ಯಂತ್ರ ತೆಗೆಸಿ, ಕೊರಳಿಗೆ ಹಾಕಿಕೊಳ್ಳುವ ಸಾಧಾರಣ ಕಾರ್ಡು ಕೊಟ್ಟೆವು. ಮುಖ ಗುರುತಿಸುವ ಕ್ಯಾಮೆರಾಕ್ಕೂ ನನ್ನ ಉತ್ತರ ಇದೇ. ಒಂದು ಕಾರ್ಡಿನಿಂದ ಆಗುವ ಕೆಲಸಕ್ಕೆ ಮನುಷ್ಯರ ಮೈಯನ್ನು ದಾಖಲೆ ಮಾಡಬಾರದು.

6. ಏಳುವ ಕಂಬಕ್ಕೆ ಕಣ್ಣಿರಲಿ.

ಬೂಮ್ ಬ್ಯಾರಿಯರ್ ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಬೇಗ ಏಳುತ್ತದೆ ಎಂದು. ನೀವು ಕೇಳಬೇಕಾದ್ದು, ಕೆಳಗೆ ಏನಾದರೂ ಇದ್ದರೆ ಅದು ಹೇಗೆ ನಿಲ್ಲುತ್ತದೆ ಎಂದು. ರಸ್ತೆಯಲ್ಲಿ ಹೂಳುವ ತಂತಿಯ ಸುತ್ತು ಲೋಹವನ್ನಷ್ಟೇ ಬಲ್ಲದು, ನಡೆದು ಹೋಗುವ ಮಗುವನ್ನು ಅದು ಕಾಣುವುದಿಲ್ಲ. ಆದ್ದರಿಂದ ಅದರ ಜೊತೆ ಫೋಟೋಸೆಲ್ಲೂ ಬೇಕು, ಏನಾದರೂ ತಾಗಿದೊಡನೆ ಹಿಂದಕ್ಕೆ ಏಳುವ ವ್ಯವಸ್ಥೆಯೂ ಬೇಕು. ಕಂಬದ ಕೆಳಗಂಚಿಗೆ ರಬ್ಬರು ಹಾಕಿಸಿ. ಮಾರುವವರ ಎದುರಿಗೇ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಇಳಿಸಿ ತೋರಿಸಲು ಹೇಳಿ. ಉದ್ದದ ಕಂಬ ನಿಧಾನ, ಗಿಡ್ಡದ್ದು ಚುರುಕು. ಅಗಲದ ದಾರಿಗೆ ಒಂದು ಉದ್ದ ಕಂಬಕ್ಕಿಂತ ಒಳಕ್ಕೊಂದು, ಹೊರಕ್ಕೊಂದು ಎಂದು ಎರಡು ಗಿಡ್ಡ ಕಂಬ ಮೇಲು.

7. ಕರೆಂಟು ಹೋಗಿದೆ ಎಂದುಕೊಂಡೇ ಯೋಜನೆ ಮಾಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹಳೆ ಮೈಸೂರು ಸೀಮೆಯಲ್ಲಿ ಹುಟ್ಟಿದವರಿಗೆ ಹೊಸದಲ್ಲ. ಕರೆಂಟು ಹೋಗುತ್ತದೆ, ಬಂದಾಗ ಹೊಡೆದು ಬರುತ್ತದೆ. ಯುಪಿಎಸ್, ಒಳ್ಳೆಯ ಅರ್ತಿಂಗ್, ಸಿಡಿಲಿನ ಹೊಡೆತ ತಾಳುವ ಸರ್ಜ್ ಪ್ರೊಟೆಕ್ಟರ್: ಈ ಮೂರು ಕೊಟೇಶನ್ನಿನಲ್ಲಿ ಬೇರೆ ಬೇರೆ ಸಾಲಾಗಿ ಕಾಣಬೇಕು. ನಡೆದು ಬರುವ ಬಾಗಿಲಿನ ಅಯಸ್ಕಾಂತದ ಬೀಗ ಕರೆಂಟು ಹೋದರೆ ತೆರೆದುಕೊಳ್ಳುವಂಥದ್ದೇ ಇರಲಿ. ಬೆಂಕಿ ಬಿದ್ದಾಗ ಜನ ಒಳಗೇ ಸಿಕ್ಕಿಬೀಳಬಾರದು. ದೊಡ್ಡ ಗೇಟು ಗೋಡೆಯತ್ತ ಪೂರ್ತಿ ಮಡಚಿಕೊಳ್ಳಲಿ, ಮೇಲಿನ ಕಮಾನು ಅಗ್ನಿಶಾಮಕ ವಾಹನಕ್ಕೆ ತಾಗದಿರಲಿ. ನಿಮ್ಮ ಕಟ್ಟಡದ ಅಗ್ನಿ ನಿರಾಕ್ಷೇಪಣಾ ಪತ್ರ ತೆಗೆದು ಅಳತೆ ಹೋಲಿಸಿ ನೋಡಿ. ನಿಯಂತ್ರಣ ಪೆಟ್ಟಿಗೆಯ ಕೇಬಲ್ ತೂತುಗಳನ್ನು ಮುಚ್ಚಿಸಿ. ನಮ್ಮ ಕಂಬ ಎರಡು ಸಲ ಕೆಟ್ಟಿದ್ದಕ್ಕೆ ಕಾರಣ ಒಳಗೆ ಗೂಡು ಮಾಡಿದ ಇರುವೆ ಮತ್ತು ಒಂದು ಹಲ್ಲಿ.

8. ಫೋನಿಲ್ಲದವರಿಗೆ ದಾರಿ ಬಿಡಿ.

ಮೈಗೇಟ್, ನೋಬ್ರೋಕರ್‌ಹುಡ್, ಅಡ್ಡಾ, ಗೇಟಿನ ಈ ಮೂರೂ ಆ್ಯಪ್‌ಗಳು ಬೆಂಗಳೂರಿನಲ್ಲೇ ಹುಟ್ಟಿದವು. ಬೆಂಗಳೂರಿನ ಡೆಲಿವರಿ ದಟ್ಟಣೆಗೆ ಅವು ನಿಜಕ್ಕೂ ಉತ್ತರ. ಆದರೆ ಊರಿನಿಂದ ಬರುವ ಅಪ್ಪ ಅಮ್ಮನನ್ನು ಡೆಲಿವರಿಯ ಸಾಲಿಗೆ ಸೇರಿಸಬೇಡಿ. ಪ್ರತಿ ಮನೆಯೂ ಪದೇ ಪದೇ ಬರುವ ನಾಲ್ಕೈದು ಹತ್ತಿರದವರ ಹೆಸರು ಕೊಡಲಿ. ಅವರಿಗೆ ಕಾರ್ಡು ಕೊಡಿ, ಅಥವಾ ನೆನಪಿನಲ್ಲಿ ಉಳಿಯುವ ನಾಲ್ಕಂಕಿಯ ಸಂಖ್ಯೆ ಕೊಡಿ. ಮನೆಯವರು ಎರಡು ನಿಮಿಷದಲ್ಲಿ ಉತ್ತರಿಸದಿದ್ದರೆ ಇಂಟರ್‌ಕಾಂ, ಅದಕ್ಕೂ ಇಲ್ಲದಿದ್ದರೆ ಪಕ್ಕದ ಮನೆ, ಅದೂ ಇಲ್ಲದಿದ್ದರೆ ಒಳಗಿನ ನೆರಳಲ್ಲಿ ಕುರ್ಚಿ ಮತ್ತು ಕುಡಿಯಲು ನೀರು. ಗೇಟಿನ ಹೊರಗೆ ನಿಲ್ಲಿಸುವುದಂತೂ ಬೇಡ.

9. ಯಂತ್ರಕ್ಕೆ ಕೊಡುವ ಗಮನದಲ್ಲಿ ಅರ್ಧವನ್ನಾದರೂ ಕಾವಲುಗಾರನಿಗೆ ಕೊಡಿ.

ಹಿಂದೆ ಊರಿಗೆ ತಳವಾರ, ತೋಟಿ ಇದ್ದರು. ಹೊಸ ಮುಖ ಕಂಡರೆ ಯಾರ ಮನೆಗೆ ಬಂದವರು, ಎಲ್ಲಿಯವರು ಎಂದು ಒಂದೇ ಮಾತಿನಲ್ಲಿ ತಿಳಿದುಕೊಳ್ಳುತ್ತಿದ್ದರು. ಆ ತಿಳಿವಳಿಕೆ ಬರುವುದು ಒಂದೇ ಕಡೆ ಬಹುಕಾಲ ಇದ್ದವರಿಗೆ. ತಿಂಗಳಿಗೊಬ್ಬ ಕಾವಲುಗಾರ ಬದಲಾದರೆ ಎಂಥ ಸಾಫ್ಟ್‌ವೇರೂ ಅದನ್ನು ತುಂಬಿಕೊಡದು. ಚಾಮರಾಜನಗರ ಜಿಲ್ಲೆಯ ಎಷ್ಟೋ ಮನೆಗಳ ಗಂಡಸರು ಬೆಂಗಳೂರು, ಮೈಸೂರಿನಲ್ಲಿ ಈ ಕೆಲಸದಲ್ಲೇ ಇದ್ದಾರೆ. ಊರಿಗೆ ಬಂದಾಗ ಅವರು ಮೊದಲು ಹೇಳಿಕೊಳ್ಳುವುದು ಸಂಬಳದ ಮಾತಲ್ಲ. ಹನ್ನೆರಡು ಗಂಟೆ ನಿಂತದ್ದು, ಬಳಸಲು ಶೌಚಾಲಯ ಇರದಿದ್ದದ್ದು.

ಹಾಗಾಗಿ ಏಜೆನ್ಸಿಗೆ ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯಡಿ ಲೈಸೆನ್ಸ್ ಇದೆಯೇ ಎಂದು ನೋಡಿ. ಕಾವಲುಗಾರರಿಗೆ ತರಬೇತಿ ಕೊಡಬೇಕೆಂದು ಆ ಕಾಯ್ದೆಯೇ ಹೇಳುತ್ತದೆ. ಪಿಎಫ್, ಇಎಸ್‌ಐ ಕಟ್ಟಿದ ಚಲನ್ ಪ್ರತಿ ತಿಂಗಳು ಕೇಳಿ, ಅದನ್ನು ನೋಡಿದ ಮೇಲೆಯೇ ಬಿಲ್ಲು ಪಾವತಿಸಿ. ಪಾಳಿ ಎಂಟು ಗಂಟೆಯದಾಗಲಿ. ಕ್ಯಾಬಿನ್ನಿಗೆ ಫ್ಯಾನು, ಕುರ್ಚಿ, ಹತ್ತಿರದಲ್ಲೇ ಶೌಚಾಲಯ ಇರಲಿ. ಹೊರ ರಾಜ್ಯದ ಹುಡುಗರಿಗೆ ಇಪ್ಪತ್ತು ಕನ್ನಡ ವಾಕ್ಯ ಕಲಿಸಿ: ಬನ್ನಿ, ಯಾರ ಮನೆಗೆ, ಕೂತುಕೊಳ್ಳಿ, ಐದು ನಿಮಿಷ, ನೀರು ಬೇಕಾ. ನಮ್ಮಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗಿ ಆ ಕೆಲಸ ವಹಿಸಿಕೊಂಡು ಒಂದು ತಿಂಗಳು ಸಂಜೆ ಅರ್ಧ ಗಂಟೆ ಹೇಳಿಕೊಟ್ಟಳು. ಗೇಟಿನ ಜಗಳ ಕಡಿಮೆಯಾದದ್ದರಲ್ಲಿ ಅವಳ ಪಾಲು ದೊಡ್ಡದು.

10. ಬೇಕಾದಷ್ಟೇ ಕೇಳಿ, ಬೇಗ ಅಳಿಸಿ.

ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣೆಗೆ ದೇಶದಲ್ಲಿ 2023ರಲ್ಲಿ ಕಾಯ್ದೆ ಬಂದಿದೆ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದಿವೆ. ಅದರ ತಿರುಳನ್ನು ಗೇಟಿಗೆ ಹೇಳುವುದಾದರೆ: ಯಾಕೆ ಕೇಳುತ್ತಿದ್ದೀರಿ ಎಂದು ತಿಳಿಸಿ, ಒಪ್ಪಿಗೆ ಪಡೆಯಿರಿ, ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಬೇಡಿ. ಅತಿಥಿಯ ಹೆಸರು, ಮನೆ ನಂಬರು, ಸಮಯ ಇಷ್ಟು ಸಾಕು. ಅತಿಥಿಗಳ ಆಧಾರ್ ಕಾರ್ಡಿನ ಫೋಟೋ ತೆಗೆದಿಟ್ಟುಕೊಳ್ಳುವುದನ್ನು ಇಂದೇ ನಿಲ್ಲಿಸಿ. ಮನೆಕೆಲಸದವರ ಹಿನ್ನೆಲೆ ಪರಿಶೀಲನೆ ಬೇಕಿದ್ದರೆ ಸೇವಾಸಿಂಧುವಿನ ಮೂಲಕ ಪೊಲೀಸರಿಗೇ ಅರ್ಜಿ ಹಾಕುವ ದಾರಿ ಇದೆ. ಅವರ ಫೋಟೋ, ಮೊಬೈಲು, ಬಂದುಹೋಗುವ ಹೊತ್ತು ಎಲ್ಲವನ್ನೂ ಸಮುಚ್ಚಯದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಡುವುದು ಸಲ್ಲದು.

11. ರಸ್ತೆ ನಿಮ್ಮದೇ?

ಅಪಾರ್ಟ್‌ಮೆಂಟಿನ ಕಾಂಪೌಂಡಿನ ಮಾತು ಬೇರೆ. ನಿವೇಶನಗಳ ಬಡಾವಣೆಯಾದರೆ ದಾಖಲೆ ತೆಗೆದು ನೋಡಿ. ಬಡಾವಣೆಯ ರಸ್ತೆಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿದ್ದರೆ ಅವು ಸಾರ್ವಜನಿಕ ರಸ್ತೆಗಳು. ಅಲ್ಲಿ ಹೊರಗಿನವರನ್ನು ತಡೆಯುವಂತಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಹೇಳಿದೆ. ಅಂಥ ಕಡೆ ಕಂಬ ಹಾಕಿ ಆಮೇಲೆ ಕಿತ್ತುಹಾಕುವ ಬದಲು ದೀಪ, ಕ್ಯಾಮೆರಾ, ಬೀಟ್ ಪೊಲೀಸರ ಸಂಪರ್ಕಕ್ಕೆ ಹಣ ಹಾಕಿ.

12. ತುರ್ತಿಗೆ ಮಾಡಿದ ನಿಯಮಕ್ಕೆ ಮುಗಿಯುವ ದಿನಾಂಕ ಬರೆಯಿರಿ. ಖರ್ಚನ್ನು ಐದು ವರ್ಷಕ್ಕೆ ಲೆಕ್ಕ ಹಾಕಿ.

2020ರ ಬೇಸಿಗೆಯಲ್ಲಿ ಚಾಮರಾಜನಗರ ಜಿಲ್ಲೆ ಜೂನ್‌ವರೆಗೆ ಒಂದೂ ಕೊರೋನಾ ಪ್ರಕರಣವಿಲ್ಲದೆ ಉಳಿದಿತ್ತು. ಕೇರಳ, ತಮಿಳುನಾಡು ಎರಡೂ ಗಡಿಗಳಲ್ಲಿ ಚೆಕ್‌ಪೋಸ್ಟು ಇತ್ತು. ಎಷ್ಟೋ ಊರಿನವರು ತಾವೇ ದಾರಿಗೆ ಮುಳ್ಳು, ಬಿದಿರು ಅಡ್ಡ ಹಾಕಿದ್ದರು. ಕಾಲ ಮುಗಿಯಿತು, ಮುಳ್ಳು ತೆಗೆದರು. ಆದರೆ ಅಪಾರ್ಟ್‌ಮೆಂಟುಗಳಲ್ಲಿ ಆಗ ಬಂದ ಎಷ್ಟೋ ನಿರ್ಬಂಧಗಳು ಇನ್ನೂ ಹಾಗೇ ಇವೆ: ಮನೆಕೆಲಸದವರು ಈ ಲಿಫ್ಟಿಗೆ ಬರಬಾರದು, ಈ ಬೆಂಚಿನಲ್ಲಿ ಕೂರಬಾರದು. ಅವನ್ನು ತೆಗೆಯಿರಿ.

ಖರ್ಚಿನ ಮಾತು ಚಿಕ್ಕದು. ಯಂತ್ರದ ಬೆಲೆ, ವಾರ್ಷಿಕ ನಿರ್ವಹಣೆ, ಮನೆಗಿಷ್ಟು ಎಂಬ ಆ್ಯಪ್ ಶುಲ್ಕ, ಹೊಸ ಟ್ಯಾಗುಗಳು, ಬ್ಯಾಟರಿ ಬದಲಾವಣೆ ಎಲ್ಲ ಸೇರಿಸಿ ಐದು ವರ್ಷದ ಮೊತ್ತ ನೋಡಿ ಮೂರು ಕೊಟೇಶನ್ ಹೋಲಿಸಿ. ಕೆಟ್ಟರೆ ಎಷ್ಟು ಗಂಟೆಯೊಳಗೆ ಬರುತ್ತಾರೆ, ಬಿಡಿಭಾಗ ಮೈಸೂರಿನಲ್ಲೇ ಸಿಗುತ್ತದೆಯೇ, ಕಂಪನಿ ಬದಲಿಸಿದರೆ ನಮ್ಮ ಮಾಹಿತಿ ನಮಗೆ ಕೊಡುತ್ತಾರೆಯೇ, ಇವು ಕರಾರಿನಲ್ಲಿರಲಿ. ಸಮಿತಿಗೆ ಎಷ್ಟರವರೆಗೆ ಖರ್ಚು ಮಾಡುವ ಅಧಿಕಾರವಿದೆ ಎಂದು ಬೈಲಾ ನೋಡಿ, ಮೀರಿದ್ದರೆ ಸರ್ವಸದಸ್ಯರ ಸಭೆಗೆ ಹೋಗಿ.

13. ಅಣಕು ಪರೀಕ್ಷೆ ಮಾಡಿ, ರಾತ್ರಿ ಹೊತ್ತೇ ಮಾಡಿ.

ಹೊಸತನ್ನು ಹಾಕಿದ ಮೊದಲ ತಿಂಗಳು ಹಳೆಯ ದಫ್ತರವನ್ನೂ ಜೊತೆಗಿಡಿ. ಆಮೇಲೆ ಒಂದು ರಾತ್ರಿ, ಯಾರಿಗೂ ಹೇಳದೆ, ಗೇಟಿನ ಮೇನ್ ಸ್ವಿಚ್ ಆರಿಸಿ. 108ರ ಆಂಬುಲೆನ್ಸ್ ಬಂದಿದೆ ಎಂದುಕೊಂಡು ಒಬ್ಬರು ಕಾರು ತಂದು ಹಾರ್ನ್ ಹೊಡೆಯಲಿ. ಕಂಬವನ್ನು ಕೈಯಿಂದ ಎತ್ತಲು ಎಷ್ಟು ಹೊತ್ತಾಯಿತು ನೋಡಿ. ನಮ್ಮಲ್ಲಿ ಮೊದಲ ಸಲ ಹನ್ನೊಂದು ನಿಮಿಷವಾಯಿತು. ಕಂಬವನ್ನು ಮೋಟರಿನಿಂದ ಬಿಡಿಸುವ ಕೀಲಿ ಐದನೇ ಮಹಡಿಯಲ್ಲಿ ಕಾರ್ಯದರ್ಶಿಯ ಮನೆಯ ಬೀರುವಿನಲ್ಲಿತ್ತು, ಅವರು ಮಲಗಿದ್ದರು. ಆ ರಾತ್ರಿಯೇ ಎರಡು ಕೀಲಿ ಮಾಡಿಸುವ ತೀರ್ಮಾನವಾಯಿತು. ಈಗ ಒಂದು ಕ್ಯಾಬಿನ್ನಿನ ಒಳಗೋಡೆಯ ಮೊಳೆಯಲ್ಲಿ, ಕತ್ತಲಲ್ಲೂ ಕೈಗೆ ಸಿಗುವಂತೆ ಕೆಂಪು ದಾರ ಕಟ್ಟಿ, ನೇತಾಡುತ್ತಿದೆ.